ಆನ್‌ಲೈನಲ್ಲಿ ಮಾರೋ ‘ಮಿಂಟ್ ಎರರ್’ ಕಾಯಿನ್ ನಿಜವಾಗ್ಲೂ ಟಂಕಸಾಲೆ ತಪ್ಪಾ, ಇಲ್ಲ ಯಾರೋ ಸುತ್ತಿಗೆ ಹಿಡಿದು ಮಾಡಿದ್ದಾ?

ಮೊಬೈಲಲ್ಲಿ ರೀಲ್ಸ್ ನೋಡ್ತಾ ಕೂತ್ರೆ ಸ್ವಲ್ಪ ಹೊತ್ತಿಗೇ ಒಂದು ಬರುತ್ತೆ, "ಈ ಥರದ 10 ರೂಪಾಯಿ ಕಾಯಿನ್ ನಿಮ್ಮನೇಲಿದ್ರೆ ನೀವು ಲಕ್ಷಾಧಿಪತಿ" ಅಂತ. ಅದ್ರಲ್ಲಿ ತೋರಿಸೋದು ನಡುವಿನ ಬಿಳಿ ಭಾಗನೇ ಇಲ್ದಿರೋ ಹತ್ತು ರೂಪಾಯಿ, ಅಂಚು ಹೋಗಿರೋ ಐದು ರೂಪಾಯಿ, ಬಂಗಾರದ ಬಣ್ಣದ ಎರಡು ರೂಪಾಯಿ, ಹೀಗೆ. ಇದನ್ನ ನೋಡಿ ಮನೇಲಿರೋ ಚಿಲ್ಲರೆ ಡಬ್ಬಿ ಸುರಿದು ಹುಡುಕಿದ್ರೆ ಏನೂ ನಷ್ಟ ಇಲ್ಲ ಬಿಡಿ, ಆದ್ರೆ ಈಗ ಜನ ಇಂಥವನ್ನ ದುಡ್ಡು ಕೊಟ್ಟು ಆನ್‌ಲೈನಲ್ಲಿ ತರಿಸ್ಕೊಳ್ತಿದಾರೆ, ಮುಂದೆ ರೇಟ್ ಬರುತ್ತೆ ಅನ್ನೋ ನಂಬಿಕೆ ಮೇಲೆ, ಅದೂ ಬರೀ ಒಂದು ಫೋಟೋ ನೋಡ್ಕೊಂಡು.

ನಿಜವಾದ ಮಿಂಟ್ ಎರರ್ ಅನ್ನೋದು ಇದೆ, ಸಂಗ್ರಹಕಾರರು ಅದಕ್ಕೆ ಒಳ್ಳೆ ಬೆಲೆನೂ ಕೊಡ್ತಾರೆ. ಹಾಗಾಗಿನೇ ಅರ, ಇಕ್ಕಳ, ವೈಸ್ (ವಸ್ತುವನ್ನ ಎರಡು ದವಡೆ ಮಧ್ಯೆ ಬಿಗಿಯಾಗಿ ಅದುಮಿ ಹಿಡಿಯೋ ಸಾಧನ), ಆಸಿಡ್ ಇಟ್ಕೊಂಡು ಒಳ್ಳೇ ಕಾಯಿನ್ನನ್ನ ಹಾಳು ಮಾಡಿ ಎರರ್ ಅಂತ ಮಾರೋರೂ ಇದಾರೆ. ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯೋದು ಕಷ್ಟ ಅಲ್ಲ, ನಾಣ್ಯ ಹೇಗೆ ತಯಾರಾಗುತ್ತೆ ಅಂತ ಒಂದ್ಸಲ ಅರ್ಥ ಆಗ್ಬಿಟ್ರೆ ಅರ್ಧಕ್ಕರ್ಧ ಕೆಲಸ ಮುಗೀತು.

ಎರರ್ ಅಂದ್ರೇನು, ಡ್ಯಾಮೇಜ್ ಅಂದ್ರೇನು

ನಾಣ್ಯ ಟಂಕಸಾಲೆ ಒಳಗೆ ತಯಾರಾಗ್ತಿರುವಾಗಲೇ ಆದ ತಪ್ಪು ಮಿಂಟ್ ಎರರ್. ಟಂಕಸಾಲೆಯಿಂದ ಹೊರಗೆ ಬಂದ್ಮೇಲೆ ಏನೇ ಆದ್ರೂ ಅದು ಡ್ಯಾಮೇಜ್, ಬೇಕಂತ ಮಾಡಿದ್ದಾಗ್ಲಿ, ರಸ್ತೇಲಿ ಬಸ್ ಹತ್ತಿ ಆದದ್ದಾಗ್ಲಿ. ಸಂಗ್ರಹಕಾರರು ಇದಕ್ಕೆ ಪಿಎಂಡಿ ಅಂತಾರೆ, ಪೋಸ್ಟ್ ಮಿಂಟ್ ಡ್ಯಾಮೇಜ್ ಅನ್ನೋದರ ಚಿಕ್ಕ ರೂಪ. ಪಿಎಂಡಿ ಆದ ಕಾಯಿನ್‌ಗೆ ಸಂಗ್ರಹದ ಬೆಲೆ ಇಲ್ಲ.

ಹಾಗಾಗಿ ಯಾವ ವಿಚಿತ್ರ ಕಾಯಿನ್ ಕೈಗೆ ಬಂದ್ರೂ ಕೇಳ್ಕೊಳ್ಬೇಕಾದ ಪ್ರಶ್ನೆ ಒಂದೇ: ಇದು ತಯಾರಿಯ ಯಾವ ಹಂತದಲ್ಲಿ ಆಗಿರೋಕೆ ಸಾಧ್ಯ? ಯಾವ ಹಂತದಲ್ಲೂ ಆಗೋಕೆ ಸಾಧ್ಯ ಇಲ್ಲ ಅಂದ್ರೆ ಅದು ಹೊರಗೆ ಆಗಿರೋದು, ಮಾರೋನು ಏನೇ ಕಥೆ ಹೇಳಲಿ.

ನಾಣ್ಯ ತಯಾರಾಗೋದು ಹೇಗೆ

ನಮ್ಮ ದೇಶದಲ್ಲಿ ನಾಲ್ಕು ಕಡೆ ನಾಣ್ಯ ತಯಾರಾಗುತ್ತೆ, ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. (ಮೈಸೂರಲ್ಲಿರೋದು ನೋಟಿನ ಪ್ರೆಸ್, ಅಲ್ಲಿ ನಾಣ್ಯ ಮಾಡಲ್ಲ, ಇದನ್ನ ತುಂಬಾ ಜನ ಕನ್‌ಫ್ಯೂಸ್ ಮಾಡ್ಕೊಳ್ತಾರೆ.)

ಮೊದಲು ಲೋಹದ ಉದ್ದನೆ ಪಟ್ಟಿಯಿಂದ ದುಂಡನೆ ಬಿಲ್ಲೆಗಳನ್ನ ಕತ್ತರಿಸ್ತಾರೆ. ಮನೇಲಿ ಪೂರಿಗೆ ದೊಡ್ಡದಾಗಿ ಲಟ್ಟಿಸಿ ಡಬ್ಬಿ ಮುಚ್ಚಳದಿಂದ ಒತ್ತಿ ಒತ್ತಿ ಒಂದೇ ಅಳತೆ ತೆಗೀತಾರಲ್ಲ, ಅದೇ ಲೆಕ್ಕ. ಮುಚ್ಚಳ ಒಂಚೂರು ಪಕ್ಕಕ್ಕೆ ಸರಿದು ಆಗ್ಲೇ ಕತ್ತರಿಸಿದ ತೂತಿನ ಮೇಲೆ ಬಿದ್ರೆ ಚಂದ್ರನ ಆಕಾರದಲ್ಲಿ ತುಂಡು ಹೋದ ಪೂರಿ ಸಿಗುತ್ತೆ. ಬಿಲ್ಲೆಗೂ ಹಾಗೇ ಆಗುತ್ತೆ, ಅದೇ ‘ಕ್ಲಿಪ್ಡ್’ ಎರರ್.

ಆಮೇಲೆ ಬಿಲ್ಲೆನ ಕಾಯಿಸಿ ಮೆತ್ತಗೆ ಮಾಡ್ತಾರೆ, ಕಿರಿದಾಗ್ತಾ ಹೋಗೋ ಒಂದು ಸಂದಿಯಲ್ಲಿ ಉರುಳಿಸ್ತಾರೆ, ಆಗ ಸುತ್ತಲೂ ಅಂಚು ಸ್ವಲ್ಪ ಉಬ್ಬುತ್ತೆ. ಕೊನೇಗೆ ಪ್ರೆಸ್. ಇಲ್ಲಿ ಮೂರು ವಸ್ತು ನೆನಪಿಟ್ಕೊಳ್ಳಿ: ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಬಿಲ್ಲೆ ಸುತ್ತ ಒಂದು ಉಕ್ಕಿನ ಬಳೆ. ಅಚ್ಚಿಗೆ ಡೈ ಅಂತಾರೆ, ಬಳೆಗೆ ಕಾಲರ್ ಅಂತಾರೆ. ಮೇಲಿನ ಡೈ ಟನ್‌ಗಟ್ಟಲೆ ಒತ್ತಡದಲ್ಲಿ ಬಡಿದಾಗ ಲೋಹ ಹರಿದು ಡೈ ಒಳಗಿರೋ ಕುಳಿಗಳಿಗೆಲ್ಲ ತುಂಬ್ಕೊಳ್ಳುತ್ತೆ, ಕಾಲರ್ ಅದನ್ನ ಆಚೆ ಹರಡದ ಹಾಗೆ ಹಿಡಿದಿಟ್ಕೊಳ್ಳುತ್ತೆ. ಎರಡೂ ಮುಖ, ಅಂಚು, ಎಲ್ಲಾ ಒಂದೇ ಏಟಿಗೆ. ಈ ಪ್ರೆಸ್‌ಗಳು ನಿಮಿಷಕ್ಕೆ ನೂರಾರು ನಾಣ್ಯ ಬಡೀತವೆ, ಅದ್ರಲ್ಲಿ ಕೆಲವು ತಪ್ಪಾಗೋದು ಸಹಜ, ಅವುಗಳಲ್ಲಿ ಮತ್ತೆ ಕೆಲವು ಚೆಕಿಂಗ್ ತಪ್ಪಿಸ್ಕೊಂಡು ಹೊರಗೆ ಬರ್ತವೆ.

ಲೋಹ ಹರಿದ ಗುರುತು, ಇದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಪ್ರೆಸ್ ಒತ್ತಡಕ್ಕೆ ಲೋಹ ಹೇಗೆ ಹರಿಯುತ್ತೋ ಹಾಗೆ ಸುತ್ತಿಗೆ, ಅರದಿಂದ ಮಾಡೋಕಾಗಲ್ಲ.

ಅಂಚು ಹೋದ ಕಾಯಿನ್

ಕ್ಲಿಪ್ಡ್ ಕಾಯಿನ್ ನಕಲಿ ಮಾಡೋದು ಸುಲಭ, ಕತ್ತರಿಸಿ ಅರ ಹಾಕಿದ್ರೆ ಆಯ್ತು ಅಂತ ಅನ್ಸುತ್ತೆ. ಆದ್ರೆ ನಿಜವಾದ ಕ್ಲಿಪ್‌ನಲ್ಲಿ ತುಂಡು ಹೋಗಿರೋದು ಅಚ್ಚು ಬೀಳೋದಕ್ಕಿಂತ ಮುಂಚೆ, ನಕಲಿಯಲ್ಲಿ ಅಚ್ಚು ಬಿದ್ಮೇಲೆ. ಈ ಹಿಂದುಮುಂದು ಎಲ್ಲಾ ಕಡೆ ಗುರುತು ಬಿಟ್ಟಿರುತ್ತೆ.

ನಿಜವಾದ್ದರಲ್ಲಿ ತುಂಡು ಹೋದ ಜಾಗದ ಹತ್ರ ಬರ್ತಾ ಬರ್ತಾ ಅಕ್ಷರಗಳು ಮಂಕಾಗ್ತವೆ, ಸ್ವಲ್ಪ ಎಳೆದಂಗೆ ಹಿಗ್ಗಿರ್ತವೆ, ಯಾಕಂದ್ರೆ ಆ ಕಡೆ ಖಾಲಿ ಜಾಗ ಇರೋದ್ರಿಂದ ಲೋಹ ಅತ್ಲಾಗೆ ಹರಿದಿರುತ್ತೆ. ನಕಲಿಯಲ್ಲಿ ಅಕ್ಷರ ಕೊನೇವರೆಗೂ ಚೂಪಾಗಿದ್ದು ದಿಢೀರ್ ಅಂತ ಅರ್ಧಕ್ಕೆ ಕಟ್ ಆಗಿರುತ್ತೆ.

ಇನ್ನೊಂದು ಗುರುತು ಇದೆ, ಇದು ನಂಗೆ ತುಂಬಾ ಇಷ್ಟ, ಯಾಕಂದ್ರೆ ನಕಲಿ ಮಾಡೋರು ಸಾಮಾನ್ಯವಾಗಿ ಇದನ್ನ ಮರೀತಾರೆ. ಕ್ಲಿಪ್ ಆದ ಜಾಗನ ಬಿಟ್ಟು ಅದರ ನೇರ ಎದುರಿನ ಅಂಚು ನೋಡಿ. ನಿಜವಾದ ಕ್ಲಿಪ್ ಆಗಿದ್ರೆ ಅಲ್ಲಿ ಅಂಚಿನ ಉಬ್ಬು ಸಣ್ಣಗಾಗಿರುತ್ತೆ ಅಥವಾ ಇರೋದೇ ಇಲ್ಲ. ಕಾರಣ ಸಿಂಪಲ್: ಅಂಚು ಉಬ್ಬಿಸೋ ಸಂದಿಯಲ್ಲಿ ಬಿಲ್ಲೆ ಉರುಳುವಾಗ ಎದುರುಬದುರು ಎರಡು ಕಡೆಯಿಂದ ಒತ್ತಡ ಬೀಳುತ್ತೆ, ಒಂದು ಕಡೆ ತುಂಡೇ ಇಲ್ಲ ಅಂದ್ರೆ ಎದುರು ಕಡೆಗೂ ಒತ್ತಡ ಸಿಗಲ್ಲ. ಇದಕ್ಕೆ ಬ್ಲೇಕ್ಸ್ಲಿ ಎಫೆಕ್ಟ್ ಅಂತ ಹೆಸರು. ಎಲ್ಲಾ ನಿಜವಾದ ಕ್ಲಿಪ್‌ನಲ್ಲೂ ಕಾಣುತ್ತೆ ಅಂತಲ್ಲ, ತುಂಬಾ ಚಿಕ್ಕ ಕ್ಲಿಪ್ ಆದ್ರೆ ಗೊತ್ತಾಗದೇ ಇರಬಹುದು, ಆದ್ರೆ ಕಾಲು ಭಾಗ ಹೋದ ಕಾಯಿನ್‌ನಲ್ಲಿ ಎದುರಿನ ಅಂಚು ಸುತ್ತಲಿನಷ್ಟೇ ದಪ್ಪಗೆ ಚೆನ್ನಾಗಿದ್ರೆ ಅನುಮಾನ ಪಡ್ಲೇಬೇಕು. ಅರದ ಗೀರುಗಳಿದ್ರಂತೂ ಮಾತೇ ಇಲ್ಲ.

ಕನ್ನಡಿಯೊಳಗಿನ ಸಿಂಹ

ಬ್ರೊಕೇಜ್ ಅನ್ನೋ ಎರರ್ ಇದೆ, ನಮ್ಮ ದೇಶದ ಸಂಗ್ರಹಕಾರರು ಲಾಖಿ ಅಂತಾನೂ ಕರೀತಾರೆ. ಬಡಿದ ನಾಣ್ಯ ಹೊರಗೆ ಹೋಗದೆ ಒಂದು ಡೈಗೇ ಅಂಟ್ಕೊಂಡು ಬಿಡುತ್ತೆ, ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಕೂತಿರುತ್ತೆ, ಈಗ ಬೀಳೋ ಏಟಿಗೆ ಆ ಬಿಲ್ಲೆಯ ಒಂದು ಮುಖಕ್ಕೆ ಡೈ ಬದಲು ಅಂಟ್ಕೊಂಡಿರೋ ನಾಣ್ಯದ ಗುರುತೇ ಒತ್ತುತ್ತೆ. ಹಂಗಾಗಿ ಅದು ಉಲ್ಟಾ ಮತ್ತೆ ಒಳಗೆ ಕುಳಿಬಿದ್ದ ಚಿತ್ರ ಆಗುತ್ತೆ.

ಇದನ್ನ ನಕಲು ಮಾಡೋಕೆ ಎರಡು ಕಾಯಿನ್ ಮುಖಕ್ಕೆ ಮುಖ ಇಟ್ಟು ವೈಸ್‌ನಲ್ಲಿ ಬಿಗಿಯಾಗಿ ಅದುಮ್ತಾರೆ ಅಥವಾ ಮೇಲಿಂದ ದೊಡ್ಡ ಸುತ್ತಿಗೇಲಿ ಬಾರಿಸ್ತಾರೆ. ಫೋಟೋದಲ್ಲಿ ಉಲ್ಟಾ ಸಿಂಹ ಕಾಣುತ್ತೆ, ಜನ ಬೆರಗಾಗ್ತಾರೆ. ಈಗ ಒಂದು 5 ರೂಪಾಯಿ ಕಾಯಿನ್ ಊಹಿಸ್ಕೊಳ್ಳಿ, 5 ಅನ್ನೋ ಅಂಕಿ ಇರೋ ಮುಖದ ಮೇಲೆ ಉಲ್ಟಾ ಸಿಂಹದ ಗುರುತು ಒತ್ತಿದೆ. ಭೂತಗನ್ನಡಿ ಹಿಡಿದು ನೋಡಿದ್ರೆ ಸಿಂಹದ ಗೆರೆಗಳ ಕೆಳಗೆ 5 ಇನ್ನೂ ಕಾಣ್ತಿದೆ, ಅದರ ಮೇಲ್ಭಾಗ ಚಪ್ಪಟೆಯಾಗಿ ಹೊಳೀತಿದೆ. ತಿರುಗಿಸಿ ಆಚೆ ಮುಖ ನೋಡಿದ್ರೆ ಅಲ್ಲಿನ ಸಿಂಹದ ಉಬ್ಬೂ ಸವೆದು ಚಪ್ಪಟೆಯಾಗಿದೆ, ಅದು ವೈಸ್‌ನ ದವಡೆಗೆ ಒರಗಿದ್ದ ಕಡೆ. ಇದು ನೂರಕ್ಕೆ ನೂರು ನಕಲಿ. ನಿಜವಾದ ಪೂರ್ತಿ ಬ್ರೊಕೇಜ್‌ನಲ್ಲಿ 5 ಇರೋಕೆ ಸಾಧ್ಯನೇ ಇಲ್ಲ, ಯಾಕಂದ್ರೆ 5ರ ಡೈ ಆ ಬಿಲ್ಲೆನ ಮುಟ್ಟೇ ಇಲ್ಲ, ಮಧ್ಯದಲ್ಲಿ ಅಂಟ್ಕೊಂಡ ನಾಣ್ಯ ಅಡ್ಡ ಇತ್ತು. ಅಂಥದ್ರಲ್ಲಿ ಒಂದು ಕಡೆ ಉಬ್ಬಿದ ಚಂದದ ಸಿಂಹ, ಇನ್ನೊಂದು ಕಡೆ ಅದೇ ಸಿಂಹ ಕುಳಿಬಿದ್ದು ಉಲ್ಟಾ, ಅಷ್ಟೇ ಇರುತ್ತೆ. ಎರಡೂ ಮುಖ ಒಂದೇ ಚಿತ್ರ ಇರ್ಬೇಕು, ಇದನ್ನ ನೆನಪಿಟ್ಕೊಂಡ್ರೆ ಸಾಕು.

ನಡು ಇಲ್ಲದ ಹತ್ತು ರೂಪಾಯಿ

ಅತಿ ಹೆಚ್ಚು ಮೋಸ ಮಾಡೋಕೆ ಅನುಕೂಲ ಆಗಿರೋದು ಇದೇ ಕಾಯಿನ್, ಯಾಕಂದ್ರೆ ಇದ್ರಲ್ಲಿ ಎರಡು ಭಾಗ ಇದೆ. 2011ರ ಸೀರೀಸ್‌ನ 10 ರೂಪಾಯಿ 27 ಮಿಲಿಮೀಟರ್ ಅಗಲ, 7.71 ಗ್ರಾಂ ತೂಕ. ಹೊರಗಿನ ಹಳದಿ ಉಂಗುರ ಅಲ್ಯೂಮಿನಿಯಂ ಬ್ರಾಂಜ್, ಒಳಗಿನ ಬಿಳಿ ಭಾಗ ಸ್ಟೇನ್‌ಲೆಸ್ ಸ್ಟೀಲ್. ಉಂಗುರ, ನಡು ಎರಡನ್ನೂ ಜೋಡಿಸಿ ಒಟ್ಟಿಗೆ ಬಡೀತಾರೆ, ಏಟಿನ ಒತ್ತಡಕ್ಕೆ ಎರಡೂ ಲೋಹ ಒಂದಕ್ಕೊಂದು ಕಚ್ಕೊಂಡು ಗಟ್ಟಿಯಾಗ್ತವೆ. ಹಾಗಂತ ಬಿಡಿಸೋಕೇ ಆಗಲ್ಲ ಅಂತಿಲ್ಲ, ಸರಿಯಾದ ಅಳತೆ ಕಬ್ಬಿಣದ ತುಂಡಿಟ್ಟು ಬಾರಿಸಿದ್ರೆ ನಡು ಕಿತ್ಕೊಂಡು ಬರುತ್ತೆ.

ಈಗ ಅದೇ ಪ್ರಶ್ನೆ ಕೇಳಿ, ಯಾವ ಹಂತ? ಟಂಕಸಾಲೆಯಲ್ಲಿ ನಡು ಇಲ್ಲದೇ ಬರೀ ಉಂಗುರನೇ ಪ್ರೆಸ್‌ಗೆ ಹೋಗಿ ಏಟು ಬಿದ್ರೆ, ಒಳಗಡೆ ತಡೆಯೋಕೆ ಏನೂ ಇಲ್ದೇ ಇರೋದ್ರಿಂದ ಉಂಗುರದ ಲೋಹ ಒಳಮುಖವಾಗಿ ಹರಿಯುತ್ತೆ, ತೂತು ಮಾಮೂಲಿಗಿಂತ ಚಿಕ್ಕದಾಗಿ, ಸ್ವಲ್ಪ ಅಂಕುಡೊಂಕಾಗಿ ಇರುತ್ತೆ, ತೂತಿನ ಹತ್ರದ ಡಿಸೈನ್ ಜಾರಿದಂಗಿರುತ್ತೆ. ಬಿಡಿಸಿದ ಕಾಯಿನ್‌ನಲ್ಲಿ ತೂತು ಕಾಂಪಾಸಲ್ಲಿ ಎಳೆದಷ್ಟು ದುಂಡಗೆ, ಡಿಸೈನ್ ಅಂಚಿನವರೆಗೂ ಚೂಪಾಗಿ, ಒಳಗೋಡೆಯಲ್ಲಿ ನಡು ಕಚ್ಕೊಂಡಿದ್ದ ಗುರುತು, ಜೊತೆಗೆ ನಡು ಜಾರಿ ಹೊರಬಂದ ಗೀರು.

ಇನ್ನೊಂದು ಆಟ, ನಡು ಕಿತ್ತು ತಿರುಗಿಸಿ ವಾಪಸ್ ಕೂರಿಸೋದು. ಸಿಂಹ ಅಡ್ಡಡ್ಡ ಮಲಗಿರೋ ಹತ್ತು ರೂಪಾಯಿ ನೋಡಿರ್ತೀರಿ. ಸಿಂಹ ಇರೋದು ನಡುವಲ್ಲಿ, ‘ಭಾರತ್’, ‘ಇಂಡಿಯಾ’ ಅನ್ನೋ ಅಕ್ಷರ ಇರೋದು ಉಂಗುರದಲ್ಲಿ, ಆದ್ರೆ ಎರಡೂ ಕೆತ್ತಿರೋದು ಒಂದೇ ಡೈ ಮೇಲೆ. ಒಂದೇ ಡೈ ಒಂದೇ ಏಟಿಗೆ ಒತ್ತಿದ ಸಿಂಹ, ಪಕ್ಕದ ಅಕ್ಷರಕ್ಕೆ ಹೋಲಿಸಿದ್ರೆ ವಾಲೋಕೆ ದಾರಿನೇ ಇಲ್ಲ. ಹಾಗಾಗಿ ಒಂದೇ ಮುಖದಲ್ಲಿ ನಡು ಮತ್ತೆ ಉಂಗುರದ ಡಿಸೈನ್ ಹೊಂದ್ತಿಲ್ಲ ಅಂದ್ರೆ, ಭೂತಗನ್ನಡಿನೂ ಬೇಡ, ತಕ್ಕಡಿನೂ ಬೇಡ, ಆ ಫೋಟೋ ನೋಡಿಯೇ ಬಿಟ್ಬಿಡಿ. ಸಿಂಹದ ಉಂಗುರದೊಳಗೆ 10ರ ಕಡೆಯ ನಡು ಕೂತಿದ್ರೂ ಬಹುತೇಕ ಅದೇ ಕಥೆ.

ಬಂಗಾರದ ಬಣ್ಣದ ಎರಡು ರೂಪಾಯಿ

ಬೇರೆ ನಾಣ್ಯಕ್ಕೆ ಅಂತ ಇಟ್ಟ ಬಿಲ್ಲೆ ತಪ್ಪಿ ಇನ್ನೊಂದು ನಾಣ್ಯದ ಪ್ರೆಸ್‌ಗೆ ಹೋಗೋದು ನಿಜವಾಗ್ಲೂ ಆಗೋ ಎರರ್, ಬೆಲೆನೂ ಜಾಸ್ತಿ. ಹಾಗಾಗಿ ಬಿಳಿ ಕಾಯಿನ್‌ಗೆ ಹಳದಿ ಲೇಪ ಹಾಕಿ "5 ರೂಪಾಯಿ ಲೋಹದಲ್ಲಿ ಬಿದ್ದ 2 ರೂಪಾಯಿ" ಅಂತ ಮಾರ್ತಾರೆ.

ಇಲ್ಲಿ ಲೆಕ್ಕ ತುಂಬಾ ಸ್ಪಷ್ಟ. 2011ರ ಸೀರೀಸ್‌ನ 2 ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್, 25 ಮಿಲಿಮೀಟರ್, 4.85 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತೆ. ಅದೇ ಸೀರೀಸ್‌ನ 5 ರೂಪಾಯಿ ನಿಕಲ್ ಬ್ರಾಸ್, 23 ಮಿಲಿಮೀಟರ್, 6 ಗ್ರಾಂ, ಅಂಟಲ್ಲ. ಅಂದ್ರೆ ನಿಜವಾಗ್ಲೂ 5ರ ಬಿಲ್ಲೆ ಮೇಲೆ 2 ರೂಪಾಯಿ ಬಿದ್ದಿದ್ರೆ ಅದು 6 ಗ್ರಾಂ ಆಸುಪಾಸು ತೂಗ್ಬೇಕು, ಅಯಸ್ಕಾಂತಕ್ಕೆ ಅಂಟಬಾರದು, ಮತ್ತೆ ಚಿಕ್ಕ ಬಿಲ್ಲೆ ದೊಡ್ಡ ಕಾಲರ್ ಒಳಗೆ ಕೂತಿರೋದ್ರಿಂದ ಅಂಚಿನ ಅಕ್ಷರ ಅಥವಾ ಉಬ್ಬು ಪೂರ್ತಿ ಬಂದಿರೋದು ಅನುಮಾನ. ನಿಮ್ಮ ಕೈಲಿರೋ ಹಳದಿ 2 ರೂಪಾಯಿ 4.85 ಗ್ರಾಂ ತೂಗಿ, ಅಯಸ್ಕಾಂತಕ್ಕೆ ಟಕ್ಕಂತ ಅಂಟಿದ್ರೆ ಒಳಗಿರೋದು ಅದೇ ಸ್ಟೀಲು, ಮೇಲಿರೋದು ಲೇಪ.

ಇನ್ನು "5ರ ಬಿಲ್ಲೆ ಮೇಲೆ ಬಿದ್ದ 1 ರೂಪಾಯಿ" ಅಂದ್ರೆ ಇನ್ನೂ ಹೆಚ್ಚು ಅನುಮಾನ ಪಡಿ, ಆ ಸೀರೀಸ್‌ನ 1 ರೂಪಾಯಿ 22 ಮಿಲಿಮೀಟರ್ ಇರೋದು, ದೊಡ್ಡ ಬಿಲ್ಲೆ ಚಿಕ್ಕ ಕಾಲರ್ ಒಳಗೆ ಸಲೀಸಾಗಿ ಇಳಿಯಲ್ಲ. ಸಾಮಾನ್ಯವಾಗಿ ಆಗೋದು ಚಿಕ್ಕ ಬಿಲ್ಲೆ ದೊಡ್ಡ ಪ್ರೆಸ್‌ಗೆ ಹೋಗೋದು, ಅದರ ಉಲ್ಟಾ ಅಲ್ಲ. ಮರೀಬೇಡಿ, 2019ರ ಹೊಸ ಸೀರೀಸ್‌ನಲ್ಲಿ ಈ ನಾಣ್ಯಗಳ ಅಳತೆ, ತೂಕ ಬದಲಾಗಿದೆ, ಆದ್ದರಿಂದ ಕಾಯಿನ್ ಮೇಲಿನ ಇಸವಿ ನೋಡ್ಕೊಂಡು ಆ ಸೀರೀಸ್‌ನ ತೂಕಕ್ಕೇ ಹೋಲಿಸ್ಬೇಕು.

ತಕ್ಕಡಿ ಇಲ್ವಾ? ಪರಿಚಯದ ಚಿನ್ನದ ಅಂಗಡಿಯವರ ಹತ್ರ ಹೋಗಿ ಕೇಳಿ, ಅವರ ತಕ್ಕಡಿ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತೆ, ಜೊತೆಗೆ ಅವರ ಭೂತಗನ್ನಡಿನೂ ಒಂದ್ಸಲ ಕೊಡ್ತಾರೆ.

ತೆಳು, ಚಪ್ಪಟೆ, ಎರಡೂ ಕಡೆ ಒಂದೇ ಚಿತ್ರ

ಆಸಿಡ್‌ನಲ್ಲಿ ನೆನೆಸಿದ ಕಾಯಿನ್ ತೆಳ್ಳಗೆ, ಚಿಕ್ಕದಾಗುತ್ತೆ, ತೂಕ ಕಮ್ಮಿ ಆಗುತ್ತೆ, ‘ತೆಳು ಬಿಲ್ಲೆ ಎರರ್’ ಅಂತ ಮಾರ್ತಾರೆ. ಆಸಿಡ್ ಎಲ್ಲಾ ಕಡೆಯಿಂದ ಸಮ ತಿಂದಿರೋದ್ರಿಂದ ಅಕ್ಷರದ ಮೂಲೆಗಳೆಲ್ಲ ಕರಗಿದಂಗೆ ಮೆತ್ತಗಿರುತ್ತೆ, ಮೈ ತರಿತರಿ ಇರುತ್ತೆ, ಅಗಲವೂ ಕಮ್ಮಿ ಆಗಿರುತ್ತೆ. ನಿಜವಾದ ತೆಳು ಬಿಲ್ಲೆಗೆ ಕಾಲರ್ ಅಡ್ಡ ಇರುತ್ತೆ, ಅಗಲ ಮಾಮೂಲಿನಷ್ಟೇ ಬರುತ್ತೆ.

ರೈಲ್ವೆ ಹಳಿ ಮೇಲೆ ಕಾಯಿನ್ ಇಟ್ಟು ರೈಲು ಹೋದ್ಮೇಲೆ ಹುಡುಕೋ ಆಟ ನಮ್ಮಲ್ಲಿ ತುಂಬಾ ಹುಡುಗರು ಆಡಿರ್ತಾರೆ (ಅಪಾಯದ ಆಟ, ಮಕ್ಕಳಿಗೆ ಹೇಳಿಕೊಡ್ಬೇಡಿ). ಹಾಗೆ ಚಪ್ಪಟೆಯಾದ್ದನ್ನೂ ‘ಬ್ರಾಡ್‌ಸ್ಟ್ರೈಕ್’ ಅಂತ ಮಾರೋಕೆ ಇಡ್ತಾರೆ. ಬ್ರಾಡ್‌ಸ್ಟ್ರೈಕ್ ಅಂದ್ರೆ ಕಾಲರ್ ಇಲ್ದೇ ಬಡಿದ ನಾಣ್ಯ, ಅದು ಅಗಲವಾಗಿ ಹರಡಿರುತ್ತೆ ನಿಜ, ಆದ್ರೆ ಡಿಸೈನ್ ಪೂರ್ತಿ ಚೆನ್ನಾಗಿ ಎದ್ದಿರುತ್ತೆ. ರೈಲು ಹತ್ತಿದ್ದು ಒಂದೇ ಕಡೆಗೆ ಉದ್ದವಾಗಿ, ಡಿಸೈನ್ ಅಳಿಸಿಹೋಗಿರುತ್ತೆ.

ಎರಡೂ ಕಡೆ ಸಿಂಹ ಇರೋ ಕಾಯಿನ್ ಹೆಚ್ಚಿನಂಶ ಎರಡು ನಾಣ್ಯನ ಲೇತ್‌ನಲ್ಲಿ ಕೊರೆದು ಒಂದರೊಳಗೊಂದು ಕೂರಿಸಿ ಅಂಟಿಸಿದ್ದು. ಒಂದು ಮುಖದಲ್ಲಿ ಅಂಚಿನ ಉಬ್ಬಿನ ಒಳಗಡೆ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಸಿಗುತ್ತೆ, ಕಲ್ಲಿನ ಮೇಲೆ ಬೀಳಿಸಿದ್ರೆ ಠಣ್ ಅನ್ನೋ ಬದಲು ಮೊಂಡು ಸದ್ದು ಬರುತ್ತೆ.

ಉಬ್ಬಿದ ಗೆರೆ, ಕುಳಿಬಿದ್ದ ಗೆರೆ

ಡೈ ಬಿರುಕು ಬಿಟ್ರೆ ಆ ಬಿರುಕಿನೊಳಗೆ ಲೋಹ ತುಂಬುತ್ತೆ, ಹಾಗಾಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತೆ. ಕಾಯಿನ್ ಮೇಲೆ ಯಾರಾದ್ರೂ ಗೀರಿದ್ರೆ ಕುಳಿ ಬೀಳುತ್ತೆ. ಉಗುರಿನಿಂದ ಸವರಿದ್ರೇ ಗೊತ್ತಾಗುತ್ತೆ. (ಬಿಲ್ಲೆ ಮತ್ತು ಡೈ ನಡುವೆ ದಾರ, ತಂತಿ ಸಿಕ್ಕಿಹಾಕ್ಕೊಂಡ್ರೆ ಟಂಕಸಾಲೆಯಲ್ಲೂ ಕುಳಿ ಗೆರೆ ಬರಬಹುದು, ಆದ್ರೆ ಅದರ ಬದಿಗಳು ನಯವಾಗಿರ್ತವೆ, ಚಾಕು ಗೀರಿನ ಹಾಗೆ ಲೋಹ ಪಕ್ಕಕ್ಕೆ ಎದ್ದಿರಲ್ಲ.) ಇಸವಿಯ ಒಂದು ಅಂಕಿ ಇಲ್ಲದ ಕಾಯಿನ್‌ಗೂ ಇದೇ ಥರ ನೋಡ್ಬೇಕು: ಡೈಯ ಕುಳಿಗೆ ಗ್ರೀಸ್, ಕಸ ತುಂಬಿ ಅಂಕಿ ಬರದೇ ಇದ್ರೆ ಆ ಜಾಗ ಸುತ್ತಲಿನಷ್ಟೇ ನಯವಾಗಿರುತ್ತೆ, ಕೆರೆದು ತೆಗೆದಿದ್ರೆ ತಗ್ಗು ಮತ್ತೆ ಗೀರು ಇರುತ್ತೆ.

ಎರರೇ ಅಲ್ಲದ ‘ಎರರ್’

ಕೆಲವು ಸಲ ಕಾಯಿನ್‌ಗೆ ಏನೂ ಮಾಡಿರೋದೇ ಇಲ್ಲ, ಬರೀ ಮಾತಲ್ಲೇ ಮಾರ್ತಾರೆ. "ಮಿಂಟ್ ಮಾರ್ಕ್ ಇಲ್ಲ, ಅಪರೂಪದ ಎರರ್" ಅನ್ನೋದು ಅದ್ರಲ್ಲಿ ಮೊದಲನೇದು. ಇಸವಿ ಕೆಳಗೆ ವಜ್ರದಾಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ದುಂಡು ಚುಕ್ಕಿ ಇದ್ರೆ ನೋಯ್ಡಾ, ಏನೂ ಇಲ್ದಿದ್ರೆ ಕೋಲ್ಕತ್ತಾ. ಕೋಲ್ಕತ್ತಾ ಟಂಕಸಾಲೆ ಗುರುತೇ ಹಾಕಲ್ಲ, ಅದ್ರಲ್ಲಿ ಅಪರೂಪ ಏನೂ ಇಲ್ಲ. ಹಾಗೇ 10 ರೂಪಾಯಿಯ ಡಿಸೈನ್ ಬೇರೆ ಬೇರೆ ಇರೋದನ್ನೂ ಎರರ್ ಅಂತಾರೆ. ಆರ್‌ಬಿಐ 2018ರ ಜನವರಿಯಲ್ಲೇ ಹೇಳಿದೆ, ಅಲ್ಲೀವರೆಗೆ ಬಂದಿದ್ದ 14 ಡಿಸೈನ್‌ಗಳೂ ಚಲಾವಣೆಯಲ್ಲಿವೆ ಅಂತ.

ಕೊಳ್ಳೋಕೆ ಮುಂಚೆ

ಮಾರೋರ ಹತ್ರ ಎರಡೂ ಮುಖದ ಫೋಟೋ, ಅಂಚಿನ ಸುತ್ತಿನ ಫೋಟೋ, ತಕ್ಕಡಿ ಮೇಲಿಟ್ಟು ತೂಕ ಕಾಣೋ ಫೋಟೋ, ಅಯಸ್ಕಾಂತದ ವಿಡಿಯೋ ಕೇಳಿ. ನಿಜವಾದ ಎರರ್ ಇಟ್ಕೊಂಡೋರು ಖುಷಿಯಿಂದ ಕಳಿಸ್ತಾರೆ, ಯಾಕಂದ್ರೆ ಅವರ ಕಾಯಿನ್ ಪರವಾಗಿ ಅದೇ ಸಾಕ್ಷಿ. "ಬೇಕಾದ್ರೆ ತಗೊಳ್ಳಿ, ಇನ್ನೊಬ್ರು ಕಾಯ್ತಿದಾರೆ" ಅಂತ ಅವಸರ ಮಾಡೋರನ್ನ ಬಿಟ್ಬಿಡಿ. ಬೆಲೆ ಜಾಸ್ತಿ ಇದ್ರೆ ಪಿಸಿಜಿಎಸ್, ಎನ್‌ಜಿಸಿ ಥರದ ಅಂತರರಾಷ್ಟ್ರೀಯ ಕಂಪನಿಗಳು ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಟ್ಟಿದ್ದನ್ನೇ ನೋಡಿ, ಆ ಡಬ್ಬಿಗಳನ್ನೂ ನಕಲಿ ಮಾಡ್ತಾರೆ ಅನ್ನೋದು ಗೊತ್ತಿರಲಿ, ಹಾಗಾಗಿ ಮೇಲಿರೋ ನಂಬರ್‌ನ ಆ ಕಂಪನಿಯ ವೆಬ್‌ಸೈಟಲ್ಲೇ ಹಾಕಿ ಫೋಟೋ ತಾಳೆ ನೋಡಿ.

ಉಲ್ಟಾ ಮೋಸನೂ ನಡೆಯುತ್ತೆ, "ನಿಮ್ಮ ಕಾಯಿನ್ ನಾವು ಲಕ್ಷ ಕೊಟ್ಟು ತಗೋತೀವಿ, ಮೊದಲು ಟ್ಯಾಕ್ಸ್, ಕಮಿಷನ್ ಕಟ್ಟಿ" ಅಂತ, ಆರ್‌ಬಿಐ ಲೋಗೋ ಹಾಕ್ಕೊಂಡು. ಆರ್‌ಬಿಐ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆನೇ ಎಚ್ಚರಿಕೆ ಕೊಟ್ಟಿದೆ: ತಾನು ಇಂಥ ವ್ಯವಹಾರ ಮಾಡಲ್ಲ, ಕಮಿಷನ್ ಕೇಳಲ್ಲ, ಯಾರಿಗೂ ಆ ಅಧಿಕಾರನೂ ಕೊಟ್ಟಿಲ್ಲ ಅಂತ.

ಕಾನೂನು, ದೂರು

2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯನ ಕರಗಿಸೋದು, ನಾಶ ಮಾಡೋದು ಅಪರಾಧ, ಏಳು ವರ್ಷದವರೆಗೂ ಜೈಲು, ಜೊತೆಗೆ ದಂಡ ಇದೆ. ಹಾಗಾಗಿ ಯೂಟ್ಯೂಬ್ ನೋಡ್ಕೊಂಡು "ಟ್ರೈ ಮಾಡೋಣ" ಅಂತ ಮನೇಲಿ ಕಾಯಿನ್‌ಗೆ ಆಸಿಡ್ ಹಾಕೋಕೆ, ನಡು ಕೀಳೋಕೆ ಹೋಗ್ಬೇಡಿ.

ಎರರ್ ಅಂತ ನಂಬಿಸಿ ಡ್ಯಾಮೇಜ್ ಕಾಯಿನ್ ಕಳಿಸಿದ್ರೆ ಪಾರ್ಸೆಲ್ ಬಿಚ್ಚೋ ವಿಡಿಯೋ, ಚಾಟ್, ಪೇಮೆಂಟ್ ಸ್ಕ್ರೀನ್‌ಶಾಟ್, ಮಾರಾಟದ ಪೇಜ್‌ನ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಕೊಳ್ಳಿ, ಆ ಪೇಜ್ ಡಿಲೀಟ್ ಆಗೋಕೆ ಹೆಚ್ಚು ಹೊತ್ತು ಬೇಕಾಗಲ್ಲ. ಶಾಪಿಂಗ್ ಸೈಟಲ್ಲಿ ಕೊಂಡಿದ್ರೆ ಅಲ್ಲೇ ರಿಟರ್ನ್ ಹಾಕಿ, ಆಗ್ಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915. ದುಡ್ಡು ಹಾಕಿಸ್ಕೊಂಡು ಮಾಯ ಆಗಿದ್ರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಗೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಆ ದುಡ್ಡನ್ನ ಇನ್ನೊಂದು ಅಕೌಂಟಿಗೆ ಹೋಗದಂತೆ ತಡೆಯೋ ಸಾಧ್ಯತೆ ಜಾಸ್ತಿ.